ಹರಳಿಲ್ಲದ ಕಬ್ಬಿಣ-ರಂಜಕ: ದಾರಿ ಬೇರೆಯಾದರೆ ಒಳಗಿನ ಜೋಡಣೆಯೂ ಬೇರೆಯಾ?

ಕಬ್ಬಿಣಕ್ಕೆ ನೂರರಲ್ಲಿ ಹದಿನೈದಿಪ್ಪತ್ತು ಪರಮಾಣುವಿನಷ್ಟು ರಂಜಕ (ಫಾಸ್ಫರಸ್) ಸೇರಿಸಿ, ಹರಳು ಕಟ್ಟಲು ಬಿಡದೆ ಗಟ್ಟಿ ಮಾಡಿದರೆ ಅಮಾರ್ಫಸ್ ಮಿಶ್ರಲೋಹ ಸಿಗುತ್ತದೆ. ನೋಡಲು ಲೋಹವೇ, ಹೊಳೆಯುತ್ತದೆ, ಅಯಸ್ಕಾಂತಕ್ಕೆ ಅಂಟುತ್ತದೆ. ಆದರೆ ಒಳಗೆ ಪರಮಾಣುಗಳು ಸಾಲು ಹಿಡಿದು ನಿಂತಿರುವುದಿಲ್ಲ. ಇದನ್ನು ಮಾಡಲು ದಾರಿಗಳು ಹಲವು. ಕರಗಿಸಿ ತಟ್ಟನೆ ತಣಿಸಬಹುದು, ದ್ರಾವಣದಲ್ಲಿ ಕರೆಂಟ್ ಹಾಯಿಸಿ ಪ್ಲೇಟಿಂಗ್ ಮಾಡಬಹುದು, ಕರೆಂಟೇ ಇಲ್ಲದೆ ಬರೀ ರಾಸಾಯನಿಕ ಕ್ರಿಯೆಯಿಂದ ಕೂರಿಸಬಹುದು, ನಿರ್ವಾತದಲ್ಲಿ ಅಯಾನುಗಳಿಂದ ಬಡಿದು ಪರಮಾಣುಗಳನ್ನು ಕಿತ್ತು ಕೂರಿಸಬಹುದು (ಸ್ಪಟರ್). ಒಂದು ಕಡೆ ಸಾವಿರ ಡಿಗ್ರಿ ದಾಟಿದ ದ್ರವ, ಇನ್ನೊಂದು ಕಡೆ ಬೀಕರ್‌ನಲ್ಲಿ ಬೆಚ್ಚಗಿರುವ ತಿಳಿ ಹಸಿರು ನೀರು. ಇಷ್ಟು ಬೇರೆ ಬೇರೆ ಕಡೆಯಿಂದ ಬಂದ ಎರಡು ತುಣುಕುಗಳ ಒಳಗೆ ಪರಮಾಣುಗಳು ಒಂದೇ ರೀತಿ ಕೂತಿರುತ್ತವಾ? ಶಿವಮೊಗ್ಗದ ಒಂದು ಸಣ್ಣ ಲ್ಯಾಬ್‌ನಲ್ಲಿ ಪಿಎಚ್‌ಡಿಗೆ ನಾನು ಹಿಡಿದ ಪ್ರಶ್ನೆ ಇದು.

ನನಗೆ ಸಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದು ಪರಮಾಣುವಿನ ಪಕ್ಕದ ಮನೆಯವರು ಯಾರು ಅನ್ನುವುದರಲ್ಲಿ ವ್ಯತ್ಯಾಸ ತೀರಾ ಕಮ್ಮಿ. ಅದನ್ನು ರಂಜಕವೇ ತೀರ್ಮಾನ ಮಾಡುತ್ತದೆ, ದಾರಿ ಅಲ್ಲ. ವ್ಯತ್ಯಾಸ ಇರುವುದು ಸ್ವಲ್ಪ ದೂರದಲ್ಲಿ: ರಂಜಕ ಎಲ್ಲ ಕಡೆ ಸಮವಾಗಿ ಹರಡಿದೆಯಾ, ಸಂದುಗಳು ಎಷ್ಟಿವೆ, ಒಳಗೆ ಹೈಡ್ರೋಜನ್ ಸಿಕ್ಕಿಕೊಂಡಿದೆಯಾ, ಇಂಥದರಲ್ಲಿ. ಆದರೆ ಇದನ್ನು ಧೈರ್ಯವಾಗಿ ಹೇಳಬೇಕಾದರೆ ಎರಡೂ ತುಣುಕಿನಲ್ಲಿ ರಂಜಕದ ಪ್ರಮಾಣ ಒಂದೇ ಇರಬೇಕು. ನನ್ನ ಕೆಲಸದ ಮುಕ್ಕಾಲು ಪಾಲು ಹೋಗಿದ್ದು ಅಲ್ಲಿಗೇ.

ನಮ್ಮ ಸೋದರಮಾವ ಭದ್ರಾವತಿ ಕಾರ್ಖಾನೆಯಲ್ಲಿ ಕುಲುಮೆ ಕಡೆ ದುಡಿದವರು. 1923ರಲ್ಲಿ ಅಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಲ್ಲೇ ಕರಗಿಸುತ್ತಿದ್ದರು ಅನ್ನುವುದು ಮಾವನ ಬಾಯಲ್ಲಿ ಯಾವಾಗಲೂ ಬರುವ ಮಾತು. ನಾನು ಏನು ಮಾಡುತ್ತಿದ್ದೇನೆ ಅಂತ ವಿವರಿಸಿದಾಗ ಅವರಿಗೆ ಆಶ್ಚರ್ಯ. "ಅಲ್ಲ ಕಣೇ, ಫಾಸ್ಫರಸ್ ಜಾಸ್ತಿ ಆಯ್ತು ಅಂದ್ರೆ ನಮಗೆ ನಿದ್ದೆ ಬರ್ತಿರ್ಲಿಲ್ಲ, ನೀನು ನೋಡಿದ್ರೆ ಬೇಕೂ ಅಂತ ಸೇರಿಸ್ತಿದ್ದೀಯಲ್ಲ!" ಅಂದರು. "ಮಾವ, ನಿಮಗೆ ಹರಳು ಬೇಕಿತ್ತು, ನನಗೆ ಬೇಡ" ಅಂದೆ. ಮಾತು ನಿಜವೇ. ಮಾಮೂಲಿ ಉಕ್ಕಿನಲ್ಲಿ ರಂಜಕ ತೂಕದಲ್ಲಿ ನೂರಕ್ಕೆ 0.05 ದಾಟಬಾರದು ಅಂತ ನೋಡಿಕೊಳ್ಳುತ್ತಾರೆ. ದಾಟಿದರೆ ಅದು ಹರಳುಗಳ ಗಡಿಯಲ್ಲಿ ಸೇರಿಕೊಂಡು ಉಕ್ಕನ್ನು ಚಳಿಯಲ್ಲಿ ಪೆಡಸು ಮಾಡುತ್ತದೆ. ನಾನು ಪ್ಲೇಟಿಂಗ್‌ನಿಂದ ಮಾಡುವ ತೆಳು ಪದರದಲ್ಲಿ, ಅಂದರೆ ಫಿಲ್ಮ್‌ನಲ್ಲಿ, ಅದೇ ರಂಜಕ ತೂಕದಲ್ಲಿ ನೂರಕ್ಕೆ ಹತ್ತು ಹನ್ನೆರಡು ಇರುತ್ತದೆ. ಹರಳೇ ಇಲ್ಲದ ಮೇಲೆ ಗಡಿ ಎಲ್ಲಿಂದ ಬರಬೇಕು?

ಈ ವಿಷಯದ ಹಿನ್ನೆಲೆ ಸ್ವಲ್ಪ. 1950ರಲ್ಲೇ ಅಮೆರಿಕದಲ್ಲಿ ಬ್ರೆನರ್ ಮತ್ತು ಜೊತೆಗಾರರು ಪ್ಲೇಟಿಂಗ್‌ನಿಂದ ನಿಕಲ್-ರಂಜಕ ಮಾಡಿ, ರಂಜಕ ಜಾಸ್ತಿಯಾದಾಗ ಎಕ್ಸ್-ರೇಯಲ್ಲಿ ಹರಳಿನ ಚೂಪು ಗೆರೆ ಕಾಣುವುದಿಲ್ಲ ಅಂತ ತೋರಿಸಿದ್ದರು. ಕರಗಿಸಿ ತಣಿಸುವ ದಾರಿ ಬಂದದ್ದು ಅದಾದ ಮೇಲೆ. 1960ರಲ್ಲಿ ಕ್ಯಾಲ್‌ಟೆಕ್‌ನಲ್ಲಿ ಪೋಲ್ ಡ್ಯೂವೆಜ್ ಗುಂಪು ಚಿನ್ನ-ಸಿಲಿಕಾನ್ ದ್ರವವನ್ನು ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿ ಆಸುಪಾಸಿನ ವೇಗದಲ್ಲಿ ತಣಿಸಿ ಲೋಹದ ಗಾಜು ಮಾಡಿತು. 1967ರಲ್ಲಿ ಅದೇ ಡ್ಯೂವೆಜ್ ಮತ್ತು ಲಿನ್ ಕಬ್ಬಿಣ-ರಂಜಕ-ಇಂಗಾಲ ಸೇರಿಸಿ ಅಯಸ್ಕಾಂತ ಗುಣದ ಗಾಜು ಮಾಡಿದರು. ಅಲ್ಲಿ ಇಂಗಾಲ ಸುಮ್ನೆ ಬಂದದ್ದಲ್ಲ. ಬರೀ ಕಬ್ಬಿಣ-ರಂಜಕವನ್ನು ಕರಗಿಸಿ ತಣಿಸಿ ಗಾಜಾಗಿಸುವುದು ಕಷ್ಟ. ಈ ಜೋಡಿ ಸುಲಭವಾಗಿ ಕರಗುವ ಯೂಟೆಕ್ಟಿಕ್ ಬಿಂದು ಇರುವುದು ರಂಜಕ ನೂರಕ್ಕೆ ಸುಮಾರು 17 ಪರಮಾಣು ಇರುವಲ್ಲಿ, ಹತ್ತಿರಹತ್ತಿರ 1050 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶುದ್ಧ ಕಬ್ಬಿಣ ಕರಗಲು 1538 ಬೇಕು. ಹಾಗಾಗಿ ಕರಗಿಸಿ ತಣಿಸಿ ತೆಳು ಪಟ್ಟಿ (ರಿಬ್ಬನ್) ಮಾಡುವವರು ಈ 17ರ ಆಸುಪಾಸು ಬಿಟ್ಟು ಬಹಳ ಆಚೆ ಈಚೆ ಹೋಗಲಾರರು. ಪ್ಲೇಟಿಂಗ್‌ಗೆ ಈ ಕಟ್ಟುಪಾಡಿಲ್ಲ, ಅಲ್ಲಿ ಕರಗಿಸುವ ಮಾತೇ ಇಲ್ಲವಲ್ಲ.

ಈಗ ನನ್ನ ಬಾತ್, ಅಂದರೆ ಪ್ಲೇಟಿಂಗ್ ದ್ರಾವಣದ ವಿಷಯ. ಫೆರಸ್ ಸಲ್ಫೇಟ್, ಸೋಡಿಯಂ ಹೈಪೋಫಾಸ್ಫೈಟ್ (ರಂಜಕ ಬರುವುದು ಇದರಿಂದ), ಬೋರಿಕ್ ಆಮ್ಲ, ಸ್ವಲ್ಪ ಆಸ್ಕಾರ್ಬಿಕ್ ಆಮ್ಲ, ಪಿಎಚ್ 2ರ ಸುತ್ತ, ಬಿಸಿ 50 ಡಿಗ್ರಿ ಹತ್ತಿರ. ಆನೋಡ್ ಶುದ್ಧ ಕಬ್ಬಿಣದ ಪಟ್ಟಿ, ಅದರ ಪುಡಿ ಉದುರಿ ಫಿಲ್ಮ್‌ಗೆ ಸೇರದ ಹಾಗೆ ಬಟ್ಟೆಯ ಚೀಲ ಹೊದಿಸಿದ್ದು. ಕ್ಯಾಥೋಡ್ ಪಾಲಿಶ್ ಮಾಡಿದ ಸ್ಟೇನ್‌ಲೆಸ್ ಸ್ಟೀಲ್ ತಗಡು. ತಾಮ್ರದ ಮೇಲೆ ಫಿಲ್ಮ್ ಚೆನ್ನಾಗಿ ಕೂರುತ್ತದೆ, ಆದರೆ ಬಿಡಿಸಲು ತಾಮ್ರವನ್ನೇ ಕರಗಿಸಬೇಕು. ಸ್ಟೀಲ್ ಮೇಲಾದರೆ ಹಿಡಿತ ಸಡಿಲ, ತಗಡನ್ನು ಒಂದಿಷ್ಟು ಬಾಗಿಸಿದರೆ ಫಿಲ್ಮ್ ತಾನಾಗಿ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ನನಗೆ ಬೇಕಿದ್ದದ್ದು ಹೀಗೆ ಯಾವ ಆಸರೆಯೂ ಇಲ್ಲದ ಚಕ್ಕೆಗಳೇ, ಏಕೆಂದರೆ ತಳದ ಲೋಹದ ಗೆರೆಗಳು ಎಕ್ಸ್-ರೇಯಲ್ಲಿ ಬೆರೆತರೆ ಮುಂದಿನ ಲೆಕ್ಕವೆಲ್ಲ ಕೆಟ್ಟುಹೋಗುತ್ತದೆ.

ಹೊಸ ಬಾತ್ ತಿಳಿ ಹಸಿರು. ಗಾಳಿ ತಾಗಿ ಫೆರಸ್ ಹೋಗಿ ಫೆರಿಕ್ ಆಗುತ್ತಾ ಬಂದರೆ ಹಸಿರಿಗೆ ಹಳದಿ ಬೆರೆಯುತ್ತದೆ. ಆಸ್ಕಾರ್ಬಿಕ್ ಆಮ್ಲ ಹಾಕುವುದು ಅದನ್ನು ತಡೆಯಲಿಕ್ಕೆ, ಜೊತೆಗೆ ಕೆಲಸದ ಮೊದಲು ನೈಟ್ರೋಜನ್ ಗುಳ್ಳೆ ಬಿಡುತ್ತಿದ್ದೆ. ಬೀಕರ್ ಹಿಂದೆ ಒಂದು ಬಿಳಿ ಹಾಳೆ ಇಟ್ಟು ಬಣ್ಣ ನೋಡುವುದು ನನಗೆ ರೂಢಿಯಾಗಿಹೋಯಿತು. ಹಳದಿ ಕಂಡರೆ ಆ ಬಾತ್‌ನಲ್ಲಿ ಅಳತೆಗೆ ಬೇಕಾದ ಫಿಲ್ಮ್ ಮಾಡುತ್ತಿರಲಿಲ್ಲ. ಕಣ್ಣಿಗೆ ಕಾಣುವ ಇನ್ನೊಂದು ಗುರುತು ಫಿಲ್ಮ್‌ನ ಹೊಳಪು. ರಂಜಕ ಕಮ್ಮಿ ಇದ್ದಾಗ ಫಿಲ್ಮ್ ಮಂಕು ಬೂದು, ಬೆರಳಿಗೆ ತುಸು ಒರಟು. ಹೈಪೋಫಾಸ್ಫೈಟ್ ಏರಿಸುತ್ತಾ ಹೋದ ಹಾಗೆ ಒಂದು ಹಂತದಲ್ಲಿ ಮುಖ ಕಾಣುವಷ್ಟು ನುಣುಪು ಬರುತ್ತದೆ. ಎಕ್ಸ್-ರೇಗೆ ಹಾಕುವ ಮೊದಲೇ ಇದು ಹರಳು, ಇದು ಅಲ್ಲ ಅಂತ ಅಂದಾಜು ಮಾಡಬಹುದು. ಅಂದಾಜು ಮಾತ್ರ, ಹೊಳಪು ನೋಡಿ ಅಮಾರ್ಫಸ್ ಅಂತ ಬರೆದುಬಿಡಬಾರದು.

ರಂಜಕವನ್ನು ಏರಿಸಲು ಇಳಿಸಲು ಕೈಯಲ್ಲಿರುವ ಹಿಡಿಕೆಗಳು ಮೂರು. ಹೈಪೋಫಾಸ್ಫೈಟ್ ಜಾಸ್ತಿ ಹಾಕಿದರೆ ರಂಜಕ ಜಾಸ್ತಿ, ಪಿಎಚ್ ಇಳಿಸಿದರೆ ಜಾಸ್ತಿ, ಕರೆಂಟ್ ಏರಿಸಿದರೆ ಕಮ್ಮಿ. ಕರೆಂಟ್ ಏರಿಸಿದಾಗ ಕಬ್ಬಿಣ ಬೇಗ ಬೇಗ ಕೂರುತ್ತದೆ, ರಂಜಕ ಅಷ್ಟು ವೇಗದಲ್ಲಿ ಬರುವುದಿಲ್ಲ. ಹೈಪೋಫಾಸ್ಫೈಟ್‌ನಿಂದ ರಂಜಕ ತಾನೊಂದೇ ನೀರಿನಿಂದ ಹೊರಬರುವುದೂ ಇಲ್ಲ, ಕಬ್ಬಿಣ ಕೂರುತ್ತಿರುವಾಗ ಅದರ ಜೊತೆಗೇ ಬರಬೇಕು. ಇದಕ್ಕೆ ತೆರಬೇಕಾದ ಬೆಲೆ ಹೈಡ್ರೋಜನ್. ಹಾಯಿಸಿದ ಕರೆಂಟಿನಲ್ಲಿ ಒಂದು ಪಾಲು ಹೈಡ್ರೋಜನ್ ಗುಳ್ಳೆ ಎಬ್ಬಿಸಲು ಹೋಗುತ್ತದೆ, ಹೈಪೋಫಾಸ್ಫೈಟ್ ಏರಿಸಿದಷ್ಟೂ ಆ ಪಾಲು ಏರುತ್ತದೆ. ಗುಳ್ಳೆ ಮೇಲೆ ಕೂತಲ್ಲಿ ಫಿಲ್ಮ್‌ಗೆ ಸೂಜಿ ಚುಚ್ಚಿದಂಥ ತೂತು, ಒಳಗೆ ಸೇರಿದ ಹೈಡ್ರೋಜನ್‌ನಿಂದ ಬಿಗಿತ, ಫಿಲ್ಮ್ ದಪ್ಪವಾದರೆ ಒಣಗಿದ ಮೇಲೆ ಬಲೆಬಲೆಯಾಗಿ ಬಿರುಕು. ಆದ್ದರಿಂದ ಹತ್ತು ಹದಿನೈದು ಮೈಕ್ರಾನ್‌ಗೆ ನಿಲ್ಲಿಸಿ, ಚಕ್ಕೆಗಳನ್ನು ಒಂದರ ಮೇಲೊಂದು ಜೋಡಿಸಿ ಅಳೆದೆ.

ಮಳೆಗಾಲದ ಬಗ್ಗೆ ಹೇಳದೆ ಇದ್ದರೆ ನಮ್ಮ ಕಡೆಯವರಿಗೆ ಪ್ರಯೋಜನವಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನ ಗಾಳಿಯಲ್ಲಿ ಕಬ್ಬಿಣದ ಯಾವ ತೆಳು ಫಿಲ್ಮೂ ಸುಮ್ಮನಿರುವುದಿಲ್ಲ. ರಂಜಕ ಸೇರಿದ ಫಿಲ್ಮ್ ಬರೀ ಕಬ್ಬಿಣಕ್ಕಿಂತ ನಿಧಾನವಾಗಿ ತುಕ್ಕು ಹಿಡಿಯಬಹುದು, ಆದರೆ ಬಿರುಕಿನ ಅಂಚಿನಲ್ಲಿ ಕಂದು ಚುಕ್ಕೆ ಬಂದೇ ಬರುತ್ತದೆ. ಫಿಲ್ಮ್ ತೆಗೆದ ಕೂಡಲೇ ನೀರು, ಆಮೇಲೆ ಆಲ್ಕೋಹಾಲ್, ಆಮೇಲೆ ನೇರ ಡೆಸಿಕೇಟರ್, ಅಂದರೆ ತೇವ ತಾಗದಂತೆ ಮುಚ್ಚಿಡುವ ಪಾತ್ರೆ. ಅದರೊಳಗಿನ ನೀಲಿ ಸಿಲಿಕಾ ಜೆಲ್ ನಮ್ಮ ಮಳೆಯಲ್ಲಿ ಬಹಳ ಬೇಗ ಗುಲಾಬಿ ಆಗುತ್ತದೆ, ಓವನ್‌ನಲ್ಲಿ ಕಾಯಿಸಿ ಮತ್ತೆ ನೀಲಿ ಮಾಡಿ ಇಡುತ್ತಿರಬೇಕು. ಕರೆಂಟ್ ಹೋಗಿ ಬಂದರೆ ಇನ್ನೊಂದು ತೊಂದರೆ. ಪ್ಲೇಟಿಂಗ್ ನಡುವೆ ನಿಂತು ಮತ್ತೆ ಶುರುವಾದರೆ ಆ ಜಾಗದಲ್ಲಿ ಪದರ ಬದಲಾಗುತ್ತದೆ, ಫಿಲ್ಮ್‌ನ ಅಡ್ಡ ಸೀಳಿನಲ್ಲಿ ಅದು ಗೆರೆಯಾಗಿ ಕಾಣುತ್ತದೆ. ಪರಮಾಣು ಜೋಡಣೆ ಹೋಲಿಸಲು ಹೊರಟವರು ಅಂಥ ಫಿಲ್ಮ್ ಬಳಸುವ ಹಾಗಿಲ್ಲ. ಪವರ್ ಸಪ್ಲೈಯನ್ನು ಯುಪಿಎಸ್‌ಗೆ ಹಾಕಿದ ಮೇಲೆ ನೆಮ್ಮದಿ.

ಕರೆಂಟಿಲ್ಲದ ಪ್ಲೇಟಿಂಗ್ ಕೂಡ ಮಾಡಿದೆ. ನಿಕಲ್‌ಗೆ ಅದು ಬಹಳ ಸುಲಭ, ಕಬ್ಬಿಣಕ್ಕೆ ಅಲ್ಲ. ಹೈಪೋಫಾಸ್ಫೈಟ್ ಕ್ರಿಯೆಯನ್ನು ಮುಂದಕ್ಕೆ ತಳ್ಳುವ ಶಕ್ತಿ ಕಬ್ಬಿಣದ ಮೇಲ್ಮೈಗೆ ಕಮ್ಮಿ. ಸಿಟ್ರೇಟ್ ಅಥವಾ ಟಾರ್ಟ್ರೇಟ್ ಹಾಕಿದ ಕ್ಷಾರದ ಬಾತ್‌ನಲ್ಲಿ, ತಾಮ್ರದ ತುಣುಕಿಗೆ ಒಂದು ಅಲ್ಯೂಮಿನಿಯಂ ಪಟ್ಟಿ ತಾಗಿಸಿ ಇಟ್ಟರೆ ಮಾತ್ರ ನನಗೆ ಫಿಲ್ಮ್ ಕೂತಿತು. ತೆಳು, ನಿಧಾನ. ಎಕ್ಸ್-ರೇ ಹೋಲಿಕೆಗೆ ಸಾಲುವಷ್ಟು ದಪ್ಪ ಬರಲಿಲ್ಲ, ಹಾಗಾಗಿ ಅದನ್ನು ಪಕ್ಕಕ್ಕಿಟ್ಟೆ.

ರಿಬ್ಬನ್ ನಮ್ಮಲ್ಲಿ ಮಾಡಲಾಗದು. ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಮೆಲ್ಟ್ ಸ್ಪಿನ್ನರ್ ಮುಂದೆ ನಿಂತು ಮಾಡಿಸಿಕೊಂಡೆ. ಫೆರೋಫಾಸ್ಫರಸ್ ಮತ್ತು ಶುದ್ಧ ಕಬ್ಬಿಣ ತೂಕ ಮಾಡಿ, ಆರ್ಗಾನ್‌ನಲ್ಲಿ ಕರಗಿಸಿ, ಕ್ವಾರ್ಟ್ಜ್ ಕೊಳವೆಯ ಸಣ್ಣ ತೂತಿನಿಂದ ಗಿರ್ರನೆ ತಿರುಗುವ ತಾಮ್ರದ ಚಕ್ರದ ಮೇಲೆ ಚಿಮ್ಮಿಸುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ, ಆಚೆ ಕಡೆ ಇಪ್ಪತ್ತು ಮೂವತ್ತು ಮೈಕ್ರಾನ್ ದಪ್ಪದ ಬೆಳ್ಳಿ ಬಣ್ಣದ ಪಟ್ಟಿ ಸುರುಳಿ ಸುರುಳಿಯಾಗಿ ಬಿದ್ದಿರುತ್ತದೆ. ಪಟ್ಟಿಯ ಎರಡು ಮುಖ ಬೇರೆ ಬೇರೆ ಅನ್ನುವುದು ಇಲ್ಲಿ ಮುಖ್ಯ. ಚಕ್ರಕ್ಕೆ ತಾಗಿದ ಮುಖ ಮಂಕು, ಬೇಗ ತಣಿದದ್ದು. ಗಾಳಿಯ ಕಡೆಯ ಮುಖ ಹೊಳಪು, ಆದರೆ ನಿಧಾನವಾಗಿ ತಣಿದದ್ದರಿಂದ ಹರಳಿನ ಸುಳಿವು ಮೊದಲು ಸಿಗುವುದು ಅಲ್ಲೇ. ಎಕ್ಸ್-ರೇಯಲ್ಲಿ ಎರಡೂ ಮುಖ ನೋಡಿ, ಎರಡರಲ್ಲೂ ಚೂಪು ಗೆರೆ ಇಲ್ಲದ ತುಂಡುಗಳನ್ನಷ್ಟೇ ಆರಿಸಿಕೊಂಡೆ.

ಈಗ ಪ್ರಮಾಣ ಸರಿಹೊಂದಿಸುವ ಕೆಲಸ. ರಿಬ್ಬನ್ 17-18ರ ಹತ್ತಿರ ಇದೆ ಅಂದರೆ ಪ್ಲೇಟಿಂಗ್ ಫಿಲ್ಮನ್ನೂ ಅಲ್ಲಿಗೇ ತರಬೇಕು. ಇದಕ್ಕೆ ರಂಜಕವನ್ನು ನಂಬಿಕೆಯಿಂದ ಅಳೆಯಬೇಕು. ಒಂದು ಎಚ್ಚರಿಕೆ: ಚಕ್ಕೆಯನ್ನು ಬರೀ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಬೇಡಿ. ರಂಜಕದ ಒಂದು ಪಾಲು ಫಾಸ್ಫೀನ್ ಅನಿಲವಾಗಿ ಹಾರಿಹೋಗುತ್ತದೆ. ಅದು ವಿಷ, ಮೇಲಾಗಿ ನಿಮ್ಮ ಲೆಕ್ಕದಲ್ಲಿ ರಂಜಕ ಕಮ್ಮಿ ಬರುತ್ತದೆ. ನೈಟ್ರಿಕ್ ಆಮ್ಲದಂಥ ಆಕ್ಸಿಡೈಸ್ ಮಾಡುವ ಆಮ್ಲದಲ್ಲಿ, ಫ್ಯೂಮ್ ಹುಡ್ ಕೆಳಗೆ ಕರಗಿಸಿ, ಎಲ್ಲ ರಂಜಕವನ್ನೂ ಫಾಸ್ಫೇಟ್‌ಗೆ ತಂದು, ಮಾಲಿಬ್ಡಿನಮ್ ನೀಲಿ ಬಣ್ಣ ಬರಿಸಿ ಅಳೆದೆ. ಅದೇ ಫಿಲ್ಮ್‌ನ ಬೇರೆ ಬೇರೆ ಜಾಗವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಇಡಿಎಕ್ಸ್‌ನಿಂದ (ಹೊರಬರುವ ಎಕ್ಸ್-ರೇ ನೋಡಿ ಯಾವ ಧಾತು ಎಷ್ಟಿದೆ ಅಂತ ಹೇಳುವ ವಿಧಾನ) ನೋಡಿದೆ. ತಗಡಿನ ಅಂಚಿನಲ್ಲಿ ಕರೆಂಟ್ ಜಾಸ್ತಿ ಹರಿಯುವುದರಿಂದ ಅಲ್ಲಿ ರಂಜಕ ಕಮ್ಮಿ. ಅಂಚು ಕತ್ತರಿಸಿ ಎಸೆದು, ನಡುಭಾಗ ಮಾತ್ರ ಉಳಿಸಿಕೊಂಡೆ.

ಪ್ರಮಾಣದ ವಿಷಯದಲ್ಲಿ ನಾನು ಇಷ್ಟು ಹಟ ಮಾಡುವುದು ಯಾಕೆ? ರಂಜಕ 15ರಿಂದ 20ಕ್ಕೆ ಹೋದರೆ ಕಬ್ಬಿಣದ ಸುತ್ತಲಿನ ರಂಜಕದ ಸಂಖ್ಯೆ, ಕಾಂತಕ್ಷೇತ್ರ, ಎಕ್ಸ್-ರೇ ಗ್ರಾಫ್‌ನ ಪೀಕ್‌ನ ಅಗಲ ಎಲ್ಲವೂ ಬದಲಾಗುತ್ತವೆ. 15ರ ಫಿಲ್ಮನ್ನು 18ರ ರಿಬ್ಬನ್ ಪಕ್ಕ ಇಟ್ಟು "ನೋಡಿ, ದಾರಿ ಬೇರೆಯಾದರೆ ರಚನೆ ಬೇರೆ" ಅಂದರೆ ಅದು ಹೋಲಿಕೆಯೇ ಅಲ್ಲ. ಅಲ್ಲಿ ಕಂಡ ವ್ಯತ್ಯಾಸ ರಂಜಕದ್ದು, ದಾರಿಯದ್ದಲ್ಲ.

ಎಕ್ಸ್-ರೇಗೆ ಬರೋಣ. ಬಹಳಷ್ಟು ಕಡೆ ಇರುವುದು ತಾಮ್ರದ ಟ್ಯೂಬ್. ಅದರ ಕಿರಣದ ಶಕ್ತಿ 8.05 ಕೆಇವಿ (ಕಿಲೋ ಎಲೆಕ್ಟ್ರಾನ್‌ವೋಲ್ಟ್). ಕಬ್ಬಿಣದ ಕೆ ಅಂಚು, ಅಂದರೆ ಅದರ ಒಳಗಿನ ಎಲೆಕ್ಟ್ರಾನನ್ನು ಕಿತ್ತೆಬ್ಬಿಸಲು ಬೇಕಾದ ಶಕ್ತಿ, 7.11. ಅಂದರೆ ತಾಮ್ರದ ಕಿರಣ ಕಬ್ಬಿಣವನ್ನು ಕೆಣಕಿ, ಕಬ್ಬಿಣ ತನ್ನದೇ ಕಿರಣ ಹೊರಗೆ ಚೆಲ್ಲಿ, ಹಿನ್ನೆಲೆ ಎಲ್ಲ ಎತ್ತರವಾಗಿ, ಸಣ್ಣ ಏರಿಳಿತ ಮುಚ್ಚಿಹೋಗುತ್ತದೆ. ಕೋಬಾಲ್ಟ್ ಟ್ಯೂಬ್‌ನ 6.93 ಕೆಇವಿ ಅಂಚಿಗಿಂತ ಕೆಳಗೆ, ಆದ್ದರಿಂದ ಹಿನ್ನೆಲೆ ಚೊಕ್ಕ. ಹರಳು ಇದೆಯಾ ಇಲ್ಲವಾ ನೋಡಲು ಅದೇ ಸರಿ: 52 ಡಿಗ್ರಿ ಕೋನದ ಸುತ್ತ ಒಂದು ಅಗಲವಾದ ದಿಬ್ಬ ಮಾತ್ರ ಕಂಡರೆ ಒಳ್ಳೆಯದು, ಅದರ ಮೇಲೆ 52.4ರಲ್ಲಿ ಚೂಪಾಗಿ ಏನಾದರೂ ಎದ್ದರೆ ಕಬ್ಬಿಣದ ಹರಳು. ಆದರೆ ಪರಮಾಣುಗಳ ನಡುವಿನ ದೂರ ತೆಗೆಯಬೇಕು ಅಂದರೆ ಕೋಬಾಲ್ಟ್ ಸಾಲದು. ಅದರ ಉದ್ದನೆ ತರಂಗದಿಂದ ಹೆಚ್ಚೆಂದರೆ 7 ಪ್ರತಿ ಆಂಗ್‌ಸ್ಟ್ರಾಂ ತನಕ ಹೋಗಬಹುದು, ಮಾಲಿಬ್ಡಿನಮ್ ಟ್ಯೂಬ್‌ನಿಂದ 17ರ ತನಕ (ಆಂಗ್‌ಸ್ಟ್ರಾಂ ಅಂದರೆ ಸೆಂಟಿಮೀಟರ್‌ನ ಹತ್ತು ಕೋಟಿಯಲ್ಲಿ ಒಂದು ಪಾಲು; ಈ ಚದುರಿಕೆಯ ಅಳತೆ ದೊಡ್ಡದಾದಷ್ಟೂ ದೂರಗಳು ಸ್ಪಷ್ಟ). ಅಲ್ಲೂ ಕಬ್ಬಿಣ ಕೆಣಕಿಸಿಕೊಳ್ಳುತ್ತದೆ, ಆದರೆ 17.4 ಕೆಇವಿ ಕಿರಣವನ್ನೂ ಕಬ್ಬಿಣದ 6.4 ಕೆಇವಿ ಕಿರಣವನ್ನೂ ಡಿಟೆಕ್ಟರ್ ಸಲೀಸಾಗಿ ಬೇರೆ ಮಾಡುತ್ತದೆ. ನಾನು ಎರಡನ್ನೂ ಬಳಸಿದೆ, ಒಂದೊಂದನ್ನು ಅದರದರ ಕೆಲಸಕ್ಕೆ.

ಅಳೆದ ಮೇಲೆ ತಿದ್ದುಪಡಿಗಳ ಸರಮಾಲೆ: ಹೀರಿಕೆ, ಧ್ರುವೀಕರಣ, ಕಾಂಪ್ಟನ್ ಪಾಲು (ಶಕ್ತಿ ಕಳೆದುಕೊಂಡು ಚದುರಿದ ಕಿರಣ), ಆಮೇಲೆ ಅದನ್ನು ಪರಮಾಣುಗಳ ನಡುವಿನ ದೂರದ ಗ್ರಾಫ್ ಆಗಿ ಬದಲಿಸುವ ಫೂರಿಯೇ ಲೆಕ್ಕ. ಹೊಸಬರಿಗೆ ಹೇಳುವುದು ಒಂದೇ, ಎರಡು ಆಂಗ್‌ಸ್ಟ್ರಾಂ ಒಳಗೆ ಏನು ಕಂಡರೂ ಅದು ಪರಮಾಣು ಅಲ್ಲ. ಎರಡು ಪರಮಾಣುಗಳು ಅಷ್ಟು ಹತ್ತಿರ ಬರಲಾರವು. ಅಲ್ಲಿನ ಅಲೆಗಳು ತಿದ್ದುಪಡಿಯಲ್ಲಿ ಉಳಿದ ಕಸ. ಆ ಜಾಗ ಎಷ್ಟು ಸಮತಟ್ಟಾಗಿದೆ ಅನ್ನುವುದನ್ನು ನೋಡಿಯೇ ನಾನು ಮುಂದಿನ ಪೀಕ್‌ಗಳನ್ನು ನಂಬುವುದು.

ಎರಡೂ ತುಣುಕಿನಲ್ಲಿ ಮೊದಲ ಪೀಕ್ ಒಂದೇ ಕಡೆ ಬಂತು. ಕಬ್ಬಿಣ-ಕಬ್ಬಿಣ 2.6 ಆಂಗ್‌ಸ್ಟ್ರಾಂ ಹತ್ತಿರ, ಅದರ ಎಡಗಡೆ 2.3ರ ಸುತ್ತ ಕಬ್ಬಿಣ-ರಂಜಕದ ಒಂದು ಉಬ್ಬು. ಅಳತೆಯ ಮಿತಿಯೊಳಗೆ ವ್ಯತ್ಯಾಸ ಹೇಳಲು ಆಗಲಿಲ್ಲ. ರಂಜಕ-ರಂಜಕ ಅಕ್ಕಪಕ್ಕ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಬರೀ ಎಕ್ಸ್-ರೇಯಿಂದ ಅದಕ್ಕೆ ಉತ್ತರ ಕೊಡುವುದು ಕಷ್ಟ. ಲೆಕ್ಕ ಹಾಕಿ ನೋಡಿ: ಕಬ್ಬಿಣಕ್ಕೆ 26 ಎಲೆಕ್ಟ್ರಾನ್, ರಂಜಕಕ್ಕೆ 15. ನೂರಕ್ಕೆ 20 ರಂಜಕ ಇರುವಾಗ ಒಟ್ಟು ಚದುರಿಕೆಯಲ್ಲಿ ಕಬ್ಬಿಣ-ಕಬ್ಬಿಣದ ಪಾಲು 76, ಕಬ್ಬಿಣ-ರಂಜಕದ ಪಾಲು 22, ರಂಜಕ-ರಂಜಕದ್ದು 2ಕ್ಕೂ ಕಮ್ಮಿ. ಮಾಮೂಲಿ ನ್ಯೂಟ್ರಾನ್‌ಗೆ ಹೋದರೂ ಪಾಲು ಹೆಚ್ಚುಕಮ್ಮಿ ಇಷ್ಟೇ ಬರುತ್ತದೆ. ಆ ಜೋಡಿಯ ಬಗ್ಗೆ ನಾನು ಬಾಯಿ ಬಿಡದೆ ಇದ್ದದ್ದು ಇದಕ್ಕೇ.

ಮೊದಲ ನೆರೆಹೊರೆ ಯಾಕೆ ಒಂದೇ ಇರುತ್ತದೆ ಅನ್ನುವುದಕ್ಕೆ ಹಳೆಯ ಮಾದರಿಗಳನ್ನು ನೋಡಬೇಕು. ಬರ್ನಾಲ್ ಗಟ್ಟಿ ಗುಂಡುಗಳನ್ನು ಅಡ್ಡಾದಿಡ್ಡಿ ತುಂಬಿ ದ್ರವದ ರಚನೆ ಹುಡುಕಿದರು. ಲೋಹದ ಗಾಜಿಗೆ ಪೋಕ್ ಅದನ್ನೇ ಬಳಸಿ, ದೊಡ್ಡ ಪರಮಾಣುಗಳ ನಡುವಿನ ಸಂದಿನಲ್ಲಿ ರಂಜಕದಂಥವು ಕೂರುತ್ತವೆ ಅಂದರು. ಗೋಣಿಚೀಲದಲ್ಲಿ ತುಂಬಿದ ಅಡಿಕೆಯ ನಡುವೆ ಮೆಣಸಿನ ಕಾಳು ಇಳಿದು ಕೂತ ಹಾಗೆ. ಚಂದದ ವಿಚಾರ, ಆದರೆ ಲೆಕ್ಕ ಹಾಕಿದರೆ ಕೂರುವುದಿಲ್ಲ. ರಂಜಕ ಹಿಡಿಸುವಷ್ಟು ದೊಡ್ಡ ಸಂದುಗಳು ನೂರಕ್ಕೆ ಇಪ್ಪತ್ತು ಸಿಗುವುದಿಲ್ಲ. 1979ರಲ್ಲಿ ಗ್ಯಾಸ್ಕೆಲ್ ಬೇರೆ ಮಾತು ಹೇಳಿದರು: ರಂಜಕ ಇದ್ದ ಸಂದು ಹುಡುಕಿಕೊಂಡು ಹೋಗುವುದಿಲ್ಲ, ತನ್ನ ಸುತ್ತ ಕಬ್ಬಿಣವನ್ನು ತಾನೇ ಜೋಡಿಸಿಕೊಳ್ಳುತ್ತದೆ. ಮುಕ್ಕೋನದ ಪ್ರಿಸಮ್‌ನ ಆರು ಮೂಲೆಯಲ್ಲಿ ಆರು ಕಬ್ಬಿಣ, ಮೂರು ಪಕ್ಕದ ಮುಖಗಳ ಆಚೆ ಮೂರು, ಒಟ್ಟು ಒಂಬತ್ತು. ಮೂರು ಕಬ್ಬಿಣಕ್ಕೆ ಒಂದು ರಂಜಕ ಇರುವ ಹರಳಿನಲ್ಲೂ ರಂಜಕದ ಸುತ್ತ ಒಂಬತ್ತು ಕಬ್ಬಿಣವೇ ಇರುವುದು. ನನ್ನ ಅಳತೆಗಳನ್ನು ನೋಡಿದ ಮೇಲೆ ನಾನು ಗ್ಯಾಸ್ಕೆಲ್ ಪಕ್ಷ. ಸಾವಿರ ಡಿಗ್ರಿಯಿಂದ ಬಂದರೂ 50 ಡಿಗ್ರಿ ನೀರಿನಿಂದ ಬಂದರೂ ಕಬ್ಬಿಣ-ರಂಜಕದ ಬಂಧ ಅದೇ ತಾನೇ? ಅದಕ್ಕೆ ಬೇಕಾದ ಗೂಡನ್ನು ಅದು ಕಟ್ಟಿಕೊಳ್ಳುತ್ತದೆ.

ಇಂದೋರ್‌ನ ಇಂಡಸ್-2 ಸಿಂಕ್ರೊಟ್ರಾನ್‌ನಲ್ಲಿ ಕಬ್ಬಿಣದ ಕೆ ಅಂಚಿನಲ್ಲಿ ಎಕ್ಸಾಫ್ಸ್ (ಎಕ್ಸ್-ರೇ ಹೀರಿಕೆಯ ಏರಿಳಿತದಿಂದ ನೆರೆಯವರನ್ನು ಲೆಕ್ಕ ಹಾಕುವ ಅಳತೆ) ಕೂಡ ತೆಗೆದೆವು. ದೂರಗಳು ಎಕ್ಸ್-ರೇ ಜೊತೆ ಹೊಂದಿದವು. ನೆರೆಯವರ ಸಂಖ್ಯೆ ಮಾತ್ರ ಕಮ್ಮಿ ಬಂತು, ಎರಡಕ್ಕೂ ಒಂದೇ ರೀತಿ. ಅಡ್ಡಾದಿಡ್ಡಿ ರಚನೆಯಲ್ಲಿ ದೂರಗಳು ಒಂದೇ ಬದಿಗೆ ಬಾಲ ಚಾಚಿರುತ್ತವೆ, ಸಮನಾದ ಗಂಟೆಯಾಕಾರ ಅಂತ ಹಿಡಿದು ಲೆಕ್ಕ ಮಾಡಿದರೆ ಹೀಗೇ ಕಮ್ಮಿ ಬರುವುದು. ಆ ಸಂಖ್ಯೆಯನ್ನು ಹಾಗೇ ಎತ್ತಿಕೊಂಡು "ಅಮಾರ್ಫಸ್‌ನಲ್ಲಿ ನೆರೆಯವರು ಕಮ್ಮಿ" ಅನ್ನುವವರನ್ನು ಕಂಡಾಗ ನನಗೆ ತಡೆಯಲಾಗುವುದಿಲ್ಲ, ದಯವಿಟ್ಟು ಹಾಗೆ ಬರೆಯಬೇಡಿ.

ವ್ಯತ್ಯಾಸ ಸಿಕ್ಕಿದ್ದು ಎರಡನೇ ಪೀಕ್‌ನಲ್ಲಿ ಮತ್ತು ಮಾಸ್‌ಬಾವರ್‌ನಲ್ಲಿ (ಕಬ್ಬಿಣದ ನ್ಯೂಕ್ಲಿಯಸ್ ಗಾಮಾ ಕಿರಣ ಹೀರುವುದನ್ನು ಗೆರೆಗಳಾಗಿ ತೋರಿಸುವ ಅಳತೆ). ಲೋಹದ ಗಾಜಿನ ಎರಡನೇ ಪೀಕ್ ಎರಡಾಗಿ ಒಡೆದಿರುತ್ತದೆ, ಅದು ಅದರ ಗುರುತು. ರಿಬ್ಬನ್‌ನಲ್ಲಿ ಒಡಕು ಸ್ಪಷ್ಟ, ಪ್ಲೇಟಿಂಗ್ ಫಿಲ್ಮ್‌ನಲ್ಲಿ ಮಸುಕು. ಸಣ್ಣ ಕೋನದ ಎಕ್ಸ್-ರೇ ಚದುರಿಕೆಯೂ ಫಿಲ್ಮ್‌ನಲ್ಲೇ ಜಾಸ್ತಿ. ಅಂದರೆ ನ್ಯಾನೋಮೀಟರ್ ಅಳತೆಯಲ್ಲಿ ಅದು ಎಲ್ಲ ಕಡೆ ಒಂದೇ ತೆರನಾಗಿಲ್ಲ, ಸಂದುಗಳೋ ರಂಜಕದ ಏರುಪೇರೋ ಏನೋ ಇದೆ.

ಮಾಸ್‌ಬಾವರ್ ನನಗೆ ಬಹಳ ಇಷ್ಟದ ಅಳತೆ. ಕಬ್ಬಿಣ-57 ಅನ್ನುವ ಐಸೊಟೋಪ್ ಸ್ವಾಭಾವಿಕ ಕಬ್ಬಿಣದಲ್ಲಿ ನೂರಕ್ಕೆ ಎರಡು ಚಿಲ್ಲರೆ ಮಾತ್ರ, ಆದರೂ ಸಾಕು. ಒಂದೊಂದು ಕಬ್ಬಿಣದ ಪರಮಾಣುವೂ ತನ್ನ ಅಕ್ಕಪಕ್ಕ ಎಷ್ಟು ರಂಜಕ ಇದೆ ಅಂತ ತನ್ನ ಕಾಂತಕ್ಷೇತ್ರದ ಮೂಲಕ ಹೇಳುತ್ತದೆ. ಶುದ್ಧ ಕಬ್ಬಿಣದಲ್ಲಿ ಕ್ಷೇತ್ರ 33 ಟೆಸ್ಲಾ, ಆರು ಗೆರೆ ಚೂಪು. ರಂಜಕ ಪಕ್ಕಕ್ಕೆ ಬಂದಷ್ಟೂ ಕ್ಷೇತ್ರ ಇಳಿಯುತ್ತದೆ. ಅಮಾರ್ಫಸ್‌ನಲ್ಲಿ ಎಲ್ಲ ಬಗೆಯ ಕಬ್ಬಿಣ ಬೆರೆತಿರುವುದರಿಂದ ಆರು ಗೆರೆಗಳೂ ಅಗಲವಾಗಿ ಒಂದಕ್ಕೊಂದು ತಾಗುತ್ತವೆ, ಅದರಿಂದ ಕ್ಷೇತ್ರದ ಹಂಚಿಕೆ ಬಿಡಿಸಿ ತೆಗೆಯಬೇಕು. ಫಿಲ್ಮ್ ಮತ್ತು ರಿಬ್ಬನ್‌ನ ಸರಾಸರಿ ಕ್ಷೇತ್ರ ಹತ್ತಿರಹತ್ತಿರ ಬಂತು, ಆದರೆ ಫಿಲ್ಮ್‌ನ ಹಂಚಿಕೆ ಎರಡೂ ಬದಿಗೆ ಹೆಚ್ಚು ಅಗಲ. ರಂಜಕ ಜಾಸ್ತಿ ಇರುವ ಜಾಗವೂ ಇದೆ, ಕಮ್ಮಿ ಇರುವ ಜಾಗವೂ ಇದೆ ಅನ್ನುವುದಕ್ಕೆ ಇದು ಸಣ್ಣ ಕೋನದ ಚದುರಿಕೆಗೆ ಜೊತೆ ಸಾಕ್ಷಿ.

ಇಲ್ಲಿ ಗಮನಿಸಬೇಕಾದ್ದು ಎರಡನೇ ಮತ್ತು ಐದನೇ ಗೆರೆ. ಅವುಗಳ ಎತ್ತರ ಹೇಳುವುದು ಕಾಂತತ್ವ ಯಾವ ದಿಕ್ಕಿಗೆ ಮಲಗಿದೆ ಅಂತ: ಹಾಳೆಯ ಸಮತಲದಲ್ಲಿದ್ದರೆ ಹೊರಗಿನಿಂದ ಒಳಕ್ಕೆ ಗೆರೆಗಳು 3:4:1, ಎಲ್ಲ ದಿಕ್ಕಿಗೂ ಹರಡಿದ್ದರೆ 3:2:1, ಹಾಳೆಗೆ ನೇರ ನಿಂತಿದ್ದರೆ ನಡುವಿನದು ಮಾಯ. ಫಿಲ್ಮ್ ಮತ್ತು ರಿಬ್ಬನ್‌ನಲ್ಲಿ ಈ ಅನುಪಾತ ಬೇರೆ ಇತ್ತು, ಗ್ರಾಫ್ ನೋಡಿದ ಕೂಡಲೇ ಎದ್ದು ಕಾಣುವುದು ಅದೇ. ಅದು ಒಳಗಿನ ಬಿಗಿತದಿಂದಲೂ ಬರಬಹುದು, ಪರಮಾಣು ಜೋಡಣೆಯ ವ್ಯತ್ಯಾಸ ಅಂತ ಓದಬಾರದು.

ಕೊನೆಗೆ ಬಿಸಿ ಮಾಡಿ ನೋಡಿದೆ. ಎರಡನ್ನೂ ನಿರ್ವಾತದಲ್ಲಿ ಹರಳು ಕಟ್ಟದಷ್ಟೇ ಬಿಸಿಗೆ, 200 ಡಿಗ್ರಿ ಸುತ್ತ ಇಟ್ಟು ತೆಗೆದೆ. ಫಿಲ್ಮ್‌ನಿಂದ ಹೈಡ್ರೋಜನ್ ಹೊರಟಿತು, ಎರಡನೇ ಪೀಕ್‌ನ ಒಡಕು ಮೊದಲಿಗಿಂತ ಸ್ಪಷ್ಟವಾಯಿತು, ಕ್ಷೇತ್ರದ ಹಂಚಿಕೆ ತುಸು ಕಿರಿದಾಯಿತು. ರಿಬ್ಬನ್ ಕೂಡ ಬದಲಾಯಿತು, ಮೊದಲು ಬಾಗುತ್ತಿದ್ದದ್ದು ಈಗ ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಎರಡೂ ಒಂದಕ್ಕೊಂದು ಹತ್ತಿರ ಬಂದವು, ಆದರೆ ಪೂರ್ತಿ ಒಂದಾಗಲಿಲ್ಲ, ಫಿಲ್ಮ್‌ನ ಹಂಚಿಕೆ ಇನ್ನೂ ಅಗಲವೇ. ಹೈಡ್ರೋಜನ್ ಮತ್ತು ಬಿಗಿತದ ಪಾಲು ಬಿಸಿಗೆ ಹೋಗುತ್ತದೆ, ರಂಜಕದ ಏರುಪೇರು ಹೋಗುವುದಿಲ್ಲ, ಅಷ್ಟು ಬಿಸಿಯಲ್ಲಿ ರಂಜಕ ದೂರ ನಡೆಯಲಾರದು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಇನ್ನೂ ಮೇಲೆ ಕಾಯಿಸಿದರೆ ಎರಡೂ ಹರಳು ಕಟ್ಟುತ್ತವೆ. ಆಗ ಸಿಗುವುದು ಒಂದೇ ಜೋಡಿ: ಕಬ್ಬಿಣ, ಮತ್ತು ಮೂರಕ್ಕೊಂದು ರಂಜಕದ ಹರಳು.

ಈಗ ಕೈಯಲ್ಲಿರುವುದು ರಂಜಕ 25ರ ಹತ್ತಿರದ ಫಿಲ್ಮ್‌ಗಳು, ಅಂದರೆ ಆ ಮೂರಕ್ಕೊಂದು ಹರಳಿನದೇ ಪ್ರಮಾಣ. ಅಲ್ಲಿ ಕಬ್ಬಿಣದ ಮೂರು ಬಗೆಯ ಜಾಗಗಳಿಗೆ ಎರಡು, ಮೂರು, ನಾಲ್ಕು ರಂಜಕ ನೆರೆಯವರು. ಅಮಾರ್ಫಸ್ ಫಿಲ್ಮ್‌ನ ಹಂಚಿಕೆಯಲ್ಲಿ ಆ ಮೂರರ ಗುರುತು ಸಿಗುತ್ತದಾ ನೋಡಬೇಕು. ಈ ಪ್ರಮಾಣದಲ್ಲಿ ಜೊತೆಗಿಟ್ಟು ನೋಡಲು ರಿಬ್ಬನ್ ಇಲ್ಲ, ಆದ್ದರಿಂದ ಸ್ಪಟರ್ ಮಾಡಿದ ಫಿಲ್ಮ್ ಹುಡುಕುತ್ತಿದ್ದೇನೆ. ಯಾರ ಹತ್ತಿರವಾದರೂ ಇದ್ದರೆ, ರಂಜಕವನ್ನು ಹೇಗೆ ಅಳೆದಿರಿ ಅನ್ನುವುದನ್ನೂ ಜೊತೆಗೆ ಬರೆದು ಕಳಿಸಿ.